ಜಿಮ್ಮು, ಗರಡಿ, ಉಸುಕಿನ ಚೀಲ: ಮೂರೂ ಮಾಡಿ ನೋಡಿದೆ

ನನಗೀಗ 49. ರಾಯಚೂರು ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಕಣ್ಣೆದುರೇ ಹಮಾಲರು ದಿನವಿಡೀ ಚೀಲ ಎತ್ತುತ್ತಾರೆ. ನಾನು ಎತ್ತುವುದು ಪೆನ್ನು, ಚಹಾದ ಕಪ್ಪು, ಅಷ್ಟೇ. ಎರಡು ವರ್ಷದ ಹಿಂದೆ ಒಂದು ದಿನ ಗ್ಯಾಸ್ ತಂದ ಹುಡುಗ ಸಿಲಿಂಡರನ್ನು ಬಾಗಿಲಲ್ಲೇ ಇಟ್ಟು ಹೋದ. ಒಳಗೆ 14.2 ಕೆಜಿ ಗ್ಯಾಸು, ಖಾಲಿ ಸಿಲಿಂಡರಿನ ತೂಕವೂ ಹೆಚ್ಚುಕಡಿಮೆ ಅಷ್ಟೇ, ಒಟ್ಟು 30 ಕೆಜಿ ಅನ್ನಿ. ಎತ್ತಲು ಹೋದೆ, ಹೊಸ್ತಿಲು ದಾಟಲಿಲ್ಲ. ಉರುಳಿಸಿಕೊಂಡು ಅಡುಗೆಮನೆಗೆ ಒಯ್ದೆ. ಹೆಂಡತಿ ನೋಡಿದಳು, ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಅದೇ ತಿಂಗಳು ರಕ್ತ ಪರೀಕ್ಷೆ ಮಾಡಿಸಿದೆ. ಖಾಲಿ ಹೊಟ್ಟೆಯ ಶುಗರ್ 112, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇಕಡಾ 6.1. 'ಸಕ್ಕರೆ ಕಾಯಿಲೆ ಇನ್ನೂ ಒಳಗೆ ಬಂದಿಲ್ಲ, ಬಾಗಿಲಲ್ಲಿ ನಿಂತಿದೆ' ಅಂದರು ಡಾಕ್ಟರು. ಎತ್ತರ 168 ಸೆಂಟಿಮೀಟರ್, ತೂಕ 81 ಕೆಜಿ, ಸೊಂಟದ ಸುತ್ತಳತೆ 101 ಸೆಂಟಿಮೀಟರ್. ನಮ್ಮ ದೇಶದವರಿಗೆ ಗಂಡಸರಾದರೆ 90, ಹೆಂಗಸರಾದರೆ 80 ದಾಟಬಾರದಂತೆ.

ವಾಕಿಂಗ್ ಮಾಡುತ್ತಿರಲಿಲ್ಲವಾ ಅಂದರೆ, ಮಾಡುತ್ತಿದ್ದೆ. ಮಾವಿನ ಕೆರೆ ಕಡೆಗೆ ದಿನಾ ಅರ್ಧ ಗಂಟೆ. ಎದೆಗೆ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು. ಆದರೆ ಕೈ, ಬೆನ್ನು, ಭುಜಕ್ಕೆ ಅದರಿಂದ ಏನೂ ಕೆಲಸ ಸಿಗುವುದಿಲ್ಲ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಮಾಂಸಖಂಡ ಸುಮ್ನೆ ಕರಗಿ ಹೋಗುತ್ತದೆ. ಉಂಡ ಊಟದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಅದೇ ಮಾಂಸಖಂಡ. ಉಗ್ರಾಣ ಚಿಕ್ಕದಾದರೆ ಮಾಲು ಬೀದಿಯಲ್ಲಿ ಬೀಳುತ್ತದೆ, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಎರಡು ಮಾತು: ವಾರಕ್ಕೆ ಕನಿಷ್ಠ 150 ನಿಮಿಷ ನಡಿಗೆಯಂಥದ್ದು, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಭಾರದ ಕೆಲಸ. ಆ ಎರಡನೇ ಮಾತು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಮೊದಲು ಜಿಮ್ಮಿಗೆ ಸೇರಿದೆ. ತಿಂಗಳಿಗೆ 900 ರೂಪಾಯಿ, ನಾಲ್ಕು ತಿಂಗಳು. ಜಿಮ್ಮಿನ ದೊಡ್ಡ ಗುಣ ಅಲ್ಲಿನ ಚಿಕ್ಕ ಪ್ಲೇಟುಗಳು. ಎರಡೂವರೆ ಕೆಜಿ, ಅದರ ಅರ್ಧದ್ದೂ ಇರುತ್ತದೆ. ಇವತ್ತು 20 ಎತ್ತಿದವನು ಮುಂದಿನ ವಾರ 22.5 ಎತ್ತಬಹುದು. ದೇಹಕ್ಕೆ ಗೊತ್ತಾಗದ ಹಾಗೆ ಭಾರ ಏರುತ್ತದೆ. ಕುಳಿತು ಏಳುವುದು, ನೆಲದಿಂದ ಎತ್ತುವುದು, ಎದೆಗೆ ಎಳೆಯುವುದು, ತಲೆ ಮೇಲೆ ತಳ್ಳುವುದು, ಈ ನಾಲ್ಕನ್ನು ನಾನು ಕಲಿತದ್ದೇ ಅಲ್ಲಿ. ಕನ್ನಡಿ ಇರುವುದರಿಂದ ಬೆನ್ನು ಬಾಗಿದರೆ ಕಾಣುತ್ತದೆ.

ಕೆಟ್ಟದ್ದೂ ಅಲ್ಲೇ ಆಯಿತು. ಮೂರನೇ ತಿಂಗಳು ಟ್ರೈನರ್ ಬದಲಾದ. ಹೊಸ ಹುಡುಗನಿಗೆ ಇಪ್ಪತ್ತೆರಡು ಇರಬಹುದು. 'ಅಂಕಲ್, ಇನ್ನೊಂದು ಪ್ಲೇಟ್ ಹಾಕೂಣ್ರಿ' ಅಂದ. ಹಾಕಿದ. ಎತ್ತುವಾಗ ಸೊಂಟದಲ್ಲಿ ಕಟ್ ಅಂತು. ಹನ್ನೆರಡು ದಿನ ಬೈಕ್ ಹತ್ತಲಿಲ್ಲ. ವಾಪಸ್ ಹೋದಾಗ ಅವನು ಕೇಳಿದ್ದು ಸೊಂಟದ ವಿಚಾರ ಅಲ್ಲ, ಪ್ರೋಟೀನ್ ಪುಡಿಯ ಡಬ್ಬಿ ಯಾವಾಗ ತಗೊಳ್ತೀರಿ ಅಂತ. ಸಂಜೆ ಅಂಗಡಿ ಮುಚ್ಚಿ ಹೋಗುವ ಹೊತ್ತಿಗೆ ಕಾಲಿಡಲೂ ಜಾಗ ಇರುತ್ತಿರಲಿಲ್ಲ. ಬಿಡುವಾಗ ತೂಕ 79, ಸೊಂಟ 98.

ಗರಡಿಗೆ ಹೋದದ್ದು ಕಾರಹುಣ್ಣಿಮೆ ಆದ ಮೇಲೆ. ನಮ್ಮೂರಲ್ಲಿ ಆಗ ಮುಂಗಾರು ಹಬ್ಬ, ಎತ್ತುಗಳು ಭಾರದ ಕಲ್ಲು ಎಳೆಯುತ್ತವೆ. ಅದನ್ನು ನೋಡುತ್ತ ನಿಂತಿದ್ದಾಗ ಪಕ್ಕದ ಓಣಿಯ ಉಸ್ತಾದರು ಸಿಕ್ಕರು. ನನ್ನ ಹೊಟ್ಟೆ ನೋಡಿ 'ಬರ್ರಿ ನಾಳಿಂದ' ಅಂದರು. ಗರಡಿಯ ಬಾಗಿಲು ಗಿಡ್ಡ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಹನುಮಪ್ಪ, ಎಣ್ಣೆ ದೀಪ. ಎಣ್ಣೆ, ಮಜ್ಜಿಗೆ ಕುಡಿದು ಹದವಾದ ಕೆಂಪು ಮಣ್ಣಿನ ವಾಸನೆ. ಅಂಥ ವಾಸನೆ ಯಾವ ಜಿಮ್ಮಿನಲ್ಲೂ ಇಲ್ಲ. ಫೀಸಿಲ್ಲ. ಶನಿವಾರ ಕಾಯಿ, ದೀಪಕ್ಕೆ ಎಣ್ಣೆ, ಕೈಲಾದಷ್ಟು ಕಾಣಿಕೆ.

ಮೊದಲ ದಿನ ಐವತ್ತು ಬಸ್ಕಿ, ಹತ್ತು ದಂಡ. ಮರುದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದೆ. ಸಂಡಾಸಿನ ಕಥೆ ಬೇಡ ಬಿಡಿ. ಆದರೆ ಒಂದು ತಿಂಗಳಲ್ಲಿ ದಮ್ಮು ಹೆಚ್ಚಾಯಿತು, ಬಿಗಿದಿದ್ದ ಭುಜ ಸಡಿಲವಾಯಿತು. ಗದೆ ತಿರುಗಿಸಲು ಕಲಿತ ಮೇಲೆ ಕುತ್ತಿಗೆ ನೋವು ಮಾಯ. ಹದಿನೇಳರ ಹುಡುಗರು ನನ್ನನ್ನು 'ಕಾಕಾ' ಅಂತ ಕರೆದು ಮಣ್ಣು ಹಚ್ಚಿ ನಗುತ್ತಿದ್ದರು. ಒಂದು ದಿನ ತಪ್ಪಿಸಿದರೆ ಮನೆ ಮುಂದೆ ಬಂದು ಕೂಗುತ್ತಿದ್ದರು. ದುಡ್ಡು ಕೊಟ್ಟರೂ ಈ ಕಾವಲು ಸಿಗಲ್ಲ.

ತೊಂದರೆ ಎಲ್ಲಿ ಅಂದರೆ, ಗರಡಿಯಲ್ಲಿ ಎಣಿಕೆ ಏರುತ್ತದೆ, ಭಾರ ಏರುವುದಿಲ್ಲ. ಐವತ್ತು ಬಸ್ಕಿ ನೂರಾಯಿತು, ನೂರು ನೂರೈವತ್ತಾಯಿತು. ಅದು ಶಕ್ತಿಗಿಂತ ಜಾಸ್ತಿ ದಮ್ಮಿನ ಕೆಲಸ. ನನ್ನ ಎಡ ಮೊಣಕಾಲು ನೂರರ ಮೇಲೆ ಕಿರಿಕಿರಿ ಶುರು ಮಾಡಿತು. ಎತ್ತಲು ಕಲ್ಲಿನ ಗುಂಡು ಇದ್ದದ್ದು ಎರಡೇ, ಒಂದು 25 ಕೆಜಿ, ಇನ್ನೊಂದು 50. ನಡುವೆ ಏನೂ ಇಲ್ಲ. ಹುಡುಗರು ಆ ಹಳ್ಳ ಹಾರಿ ದಾಟುತ್ತಾರೆ. ನನ್ನ ವಯಸ್ಸಿನವರು ಅದರಲ್ಲೇ ಬೀಳುತ್ತಾರೆ. ಹೆಂಡತಿಗೂ ಶುಗರ್ ಮನೆತನದಲ್ಲೇ ಇದೆ, ಅವಳನ್ನು ಅಲ್ಲಿಗೆ ಕರೆದೊಯ್ಯುವ ಹಾಗಿಲ್ಲ. ನಾಲ್ಕು ತಿಂಗಳ ನಂತರ ತೂಕ 77, ಸೊಂಟ 95.

ಚೀಲದ ವಿಚಾರ ಹೊಳೆದದ್ದು ಅಂಗಡಿಯಲ್ಲೇ. ಜಾತ್ರೆಗಳಲ್ಲಿ ಉಸುಕಿನ ಚೀಲ ಎತ್ತುವ ಪಂದ್ಯ ನೋಡಿದ್ದೆ. ನಾನೇಕೆ ಚಿಕ್ಕದೊಂದು ಮಾಡಿಕೊಳ್ಳಬಾರದು? ರಸಗೊಬ್ಬರದ ಖಾಲಿ ಪ್ಲಾಸ್ಟಿಕ್ ಚೀಲ ತೊಳೆದು ಒಣಗಿಸಿದೆ. ಅದರಲ್ಲಿ ಜರಡಿ ಹಿಡಿದ ಉಸುಕು ತುಂಬಿ ಬಿಗಿದು ಕಟ್ಟಿ, ಮೇಲೆ ಗೋಣಿಚೀಲ ಹಾಕಿ ದಬ್ಬಣದಿಂದ ಸುತಳಿಯಲ್ಲಿ ಹೊಲಿದೆ. ಮೊದಲ ಸಲ ಒಳಚೀಲ ಹಾಕದೆ ಹೊಲಿದು, ಮಾಳಿಗೆ ತುಂಬ ಉಸುಕು ಚೆಲ್ಲಿ ಬೈಸಿಕೊಂಡಿದ್ದೂ ಇದೆ. ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ಸರಿಯಾಗಿ 15 ಕೆಜಿ.

ಹೇಗೆ ಎತ್ತಬೇಕು ಅಂತ ತೋರಿಸಿದ್ದು ನಮ್ಮ ಹಿರಿಯ ಹಮಾಲ. 'ಸೊಂಟ ಬಗ್ಗಿಸಬ್ಯಾಡ್ರಿ, ಮೊಣಕಾಲು ಬಗ್ಗಿಸ್ರಿ. ಚೀಲ ಹೊಟ್ಟಿಗೆ ಹಚ್ಗೊಂಡು ಏಳ್ರಿ. ಉಸುರು ಹಿಡಿಬ್ಯಾಡ್ರಿ' ಅಂದ. ಜಿಮ್ಮಿನಲ್ಲಿ ಮೊದಲ ಟ್ರೈನರ್ ಕಲಿಸಿದ್ದೂ ಇದನ್ನೇ, ಅವನು ಇಂಗ್ಲಿಷಿನಲ್ಲಿ ಹೇಳಿದ್ದ. ವಾರಕ್ಕೆ ಮೂರು ದಿನ, ಬೆಳಿಗ್ಗೆ ಐದೂವರೆಗೆ ಮಾಳಿಗೆ ಮೇಲೆ, ಅರ್ಧ ಗಂಟೆ. ಎದೆಗೆ ಅಪ್ಪಿಕೊಂಡು ಕುಳಿತು ಏಳುವುದು, ನೆಲದಿಂದ ಭುಜಕ್ಕೆ, ಬಾಗಿ ಹೊಟ್ಟೆಗೆ ಎಳೆಯುವುದು, ಹೊತ್ತು ನಡೆಯುವುದು. ಕೊನೆಗೆ ಗರಡಿಯಿಂದ ತಂದ ಇಪ್ಪತ್ತು ದಂಡ. ಹತ್ತು ಸಲ ಸಲೀಸಾಗಿ ಎತ್ತಿದರೆ ಹೊಲಿಗೆ ಬಿಚ್ಚಿ ಒಂದು ಕೆಜಿ ಉಸುಕು ಸೇರಿಸುತ್ತೇನೆ. ಮೇ ತಿಂಗಳಲ್ಲಿ ಮಧ್ಯಾಹ್ನ 42 ಡಿಗ್ರಿ ಮುಟ್ಟಿದರೂ ಆ ಹೊತ್ತಿಗೆ ಮಾಳಿಗೆ ತಡೆಯುವಂತಿತ್ತು.

ಇದರ ಕೊರತೆ ಒಂದೇ, ಆದರೆ ದೊಡ್ಡದು. ಮಲಗಿದರೆ ಎಬ್ಬಿಸಲು ಯಾರೂ ಬರುವುದಿಲ್ಲ. ದೀಪಾವಳಿ ಸಮಯದಲ್ಲಿ ಮೂರು ವಾರ ಚೀಲ ಮೂಲೆಯಲ್ಲಿ ಕೂತಿತ್ತು, ಬೆಕ್ಕು ಅದರ ಮೇಲೆ ಮಲಗುತ್ತಿತ್ತು. ಎರಡನೆಯವರು ಜೊತೆಗೆ ಇಲ್ಲದಿದ್ದರೆ ಮನೆಯ ವ್ಯಾಯಾಮ ನಡೆಯುವುದು ಕಷ್ಟ. ಹೆಂಡತಿ ತನಗೂ 6 ಕೆಜಿಯದೊಂದು ಹೊಲಿಸಿಕೊಂಡ ಮೇಲೆಯೇ ನನ್ನದು ನೆಟ್ಟಗಾಯಿತು.

ಊಟದ ಬಗ್ಗೆ ಎರಡು ಮಾತು. ಅರ್ಧ ಗಂಟೆ ಚೀಲ ಎತ್ತಿದರೆ ಖರ್ಚಾಗುವುದು ಎರಡು ಮಿರ್ಚಿ ಭಜಿಯಷ್ಟೇ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಹಾಗಾಗಿ ತೂಕ ಇಳಿಸಿದ್ದು ತಟ್ಟೆ, ಚೀಲ ಅಲ್ಲ. ಚೀಲ ಕಾಪಾಡಿದ್ದು ಮಾಂಸಖಂಡವನ್ನು. ಬೆಳಗಿನ ಮಂಡಾಳ ಒಗ್ಗರಣೆ-ಮಿರ್ಚಿ ಭಾನುವಾರಕ್ಕೆ ಹೋಯಿತು. ರಾತ್ರಿ ನಾಲ್ಕು ಜೋಳದ ರೊಟ್ಟಿ ಎರಡಾಯಿತು, ಬೇಳೆ ಗಟ್ಟಿಯಾಯಿತು, ಎರಡು ಮೊಟ್ಟೆ ಮತ್ತು ಮೊಳಕೆ ಹೆಸರುಕಾಳು ಬಂತು. ನಮ್ಮ ದೇಶದ ಲೆಕ್ಕದಲ್ಲಿ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ಭಾರ ಎತ್ತುವವರಿಗೆ ಇನ್ನೂ ಜಾಸ್ತಿ. ಡಬ್ಬಿಯ ಪುಡಿ ಇಲ್ಲದೆಯೂ ಅಲ್ಲಿಗೆ ಮುಟ್ಟಬಹುದು. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಮಾತ್ರ ಚಮಚದಲ್ಲಿ ಅಳೆಯಿರಿ, ಕೈಯಲ್ಲಿ ಬಡಿಸಿಕೊಂಡರೆ ಕೆಟ್ಟಿರಿ.

ಯಾರಾದರೂ ಕೇಳಿದರೆ ನಾನು ಹೇಳುವುದು ಇದು. ಮೊದಲ ಎರಡು ತಿಂಗಳು ಜಿಮ್ಮಿಗೆ ಹೋಗಿ ಎತ್ತುವ ರೀತಿ ಕಲಿಯಿರಿ, ಆಮೇಲೆ ಮನೆಗೆ ಬನ್ನಿ. ಮೂವತ್ತರ ಒಳಗಿನ ಗಂಡುಹುಡುಗರಾದರೆ ಗರಡಿ ಬಿಟ್ಟು ಎಲ್ಲೂ ಹೋಗಬೇಡಿ. ಬಿಪಿ, ಹರ್ನಿಯಾ ಇದ್ದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಚೀಲ ಹಿಡಿದು ಹತ್ತು ತಿಂಗಳಾಯಿತು. ತೂಕ 73, ಸೊಂಟ 91, ಸರಾಸರಿ ಶುಗರ್ 5.6. ಸಿಲಿಂಡರ್ ಈಗ ನನ್ನ ಹೆಗಲ ಮೇಲೆಯೇ ಅಡುಗೆಮನೆಗೆ ಹೋಗುತ್ತದೆ, ಹೆಂಡತಿ ಆಗಲೂ ಏನೂ ಅನ್ನುವುದಿಲ್ಲ. ನನ್ನ ಚೀಲ 34 ಕೆಜಿ, ಅವಳದು 13. ನಿನ್ನೆ 'ನಂದೂ ಬಿಚ್ಚಿ ಇನ್ನೊಂದು ಕಿಲೋ ಹಾಕ್ರಿ' ಅಂದಳು. ದಬ್ಬಣ ಎಲ್ಲಿಟ್ಟೆನೋ ಹುಡುಕಬೇಕು.