ಅರೇ ದೋಷಕ್ಕೆ ಕ್ಯಾಸ್ಟ್ ಹಾಕಿ ಕಂಪೈಲರ್‌ನ ಬಾಯಿ ಮುಚ್ಚಿಸಬೇಡಿ

ಸಿ ಭಾಷೆಯಲ್ಲಿ ಅರೇಯೊಂದನ್ನು ಫಂಕ್ಷನ್‌ಗೆ ಕೊಡಲು ಹೋದಾಗ, ಪಾಯಿಂಟರ್‌ನ ಟೈಪ್ ಹೊಂದುತ್ತಿಲ್ಲ ಎಂದು ಕಂಪೈಲರ್ ತಕರಾರು ತೆಗೆದರೆ ದಯವಿಟ್ಟು ಅಲ್ಲೊಂದು ಕ್ಯಾಸ್ಟ್ ತುರುಕಿ ಮುಂದೆ ಹೋಗಬೇಡಿ. (ಅರೇ ಎಂದರೆ ಒಂದೇ ಬಗೆಯ ಮೌಲ್ಯಗಳ ಸಾಲು, ಪಾಯಿಂಟರ್ ಎಂದರೆ ಮೆಮೊರಿಯ ವಿಳಾಸ, ಕಂಪೈಲರ್ ಎಂದರೆ ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸುವ ಪ್ರೋಗ್ರಾಂ, ಕ್ಯಾಸ್ಟ್ ಎಂದರೆ ‘ಇದನ್ನು ಈ ಟೈಪ್ ಎಂದೇ ಎಣಿಸು’ ಎಂದು ಅದಕ್ಕೆ ಕೊಡುವ ಅಪ್ಪಣೆ.) ಹಾಗೆ ಮುಂದೆ ಹೋದವರ ಕೋಡ್ ಸರಿಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆ ಪಾಡು ಇನ್ನೊಬ್ಬರಿಗೆ ಬೇಡ.

ಅದು ಅಳತೆಯ ಅಂಕಿಗಳನ್ನು ಓದಿ ಸರಾಸರಿ ತೆಗೆಯುವ ಪ್ರೋಗ್ರಾಂ. ‘ಇಂಟ್ ಅಳತೆ[3][4]’ (ನಾಲ್ಕು ನಾಲ್ಕು ಪೂರ್ಣಾಂಕಗಳ ಮೂರು ಸಾಲು) ಎಂದು ಘೋಷಿಸಿದ ಅರೇಯನ್ನು, ‘ಇಂಟ್ ಸ್ಟಾರ್ ಸ್ಟಾರ್’ (ಪಾಯಿಂಟರ್‌ಗೆ ಪಾಯಿಂಟರ್) ಕೇಳುವ ಹೊಸ ಫಂಕ್ಷನ್‌ಗೆ ಕೊಟ್ಟಿದ್ದರು. ಜಿಸಿಸಿ ಎಂಬ ಕಂಪೈಲರ್‌ನ 14ನೇ ಆವೃತ್ತಿ ಅದನ್ನು ಒಪ್ಪಲಿಲ್ಲ. ಹಿಂದಿನ ಆವೃತ್ತಿಗಳು ಇಂಥದ್ದಕ್ಕೆ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದವು. 2024ರಲ್ಲಿ ಬಂದ ಈ ಆವೃತ್ತಿ ಅದನ್ನು ದೋಷವೆಂದೇ ಎಣಿಸಿ ಬಿಲ್ಡ್ ನಿಲ್ಲಿಸುತ್ತದೆ. ಬರೆದವರು ಅರೇಯ ಹೆಸರಿನ ಎಡಕ್ಕೆ ‘ಇಂಟ್ ಸ್ಟಾರ್ ಸ್ಟಾರ್’ ಕ್ಯಾಸ್ಟ್ ಹಾಕಿದರು. ದೋಷ ಮಾಯವಾಯಿತು, ಪ್ರೋಗ್ರಾಂ ಮಾತ್ರ ಓಡಿಸಿದ ಕೂಡಲೇ ಕುಸಿದು ಬಿತ್ತು.

ಕುಸಿಯದೆ ಇನ್ನೇನಾದೀತು? ಎರಡು ಆಯಾಮದ ಅರೇ ಎಂದರೆ ಮೆಮೊರಿಯಲ್ಲಿ ಒಂದರ ಪಕ್ಕ ಒಂದು ಕುಳಿತ ಹನ್ನೆರಡು ಅಂಕಿಗಳು, ಅಷ್ಟೇ. ಅದರೊಳಗೆ ಸಾಲುಗಳ ವಿಳಾಸಪಟ್ಟಿ ಎಂಬುದು ಇಲ್ಲವೇ ಇಲ್ಲ. ‘ಇಂಟ್ ಸ್ಟಾರ್ ಸ್ಟಾರ್’ ಕೇಳುವುದು ಆ ಪಟ್ಟಿಯನ್ನು. ಕ್ಯಾಸ್ಟ್ ಹಾಕಿದರೆ ಪಟ್ಟಿ ಹುಟ್ಟುವುದಿಲ್ಲ; ಸಾಮಾನ್ಯ 64 ಬಿಟ್ ಯಂತ್ರದಲ್ಲಿ ಮೊದಲ ಎರಡು ಅಂಕಿಗಳ ಎಂಟು ಬೈಟ್‌ಗಳನ್ನೇ ಒಂದು ವಿಳಾಸವೆಂದು ಓದಿ ಫಂಕ್ಷನ್ ಅಲ್ಲಿಗೆ ಹೋಗುತ್ತದೆ. ಆ ಎರಡೂ ಸೊನ್ನೆಯಾಗಿದ್ದರೆ ಶೂನ್ಯ ವಿಳಾಸ, ಇಲ್ಲವಾದರೆ ಯಾವುದೋ ಕಾಡು ವಿಳಾಸ.

ದೋಷದ ಕೆಳಗಿನ ‘ನೋಟ್’ ಸಾಲಿನಲ್ಲಿ ಕಂಪೈಲರ್ ಎರಡೂ ಟೈಪ್‌ಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿತ್ತು: ಫಂಕ್ಷನ್ ಕೇಳಿದ್ದು ಪಾಯಿಂಟರ್‌ಗೆ ಪಾಯಿಂಟರ್, ಸಿಕ್ಕಿದ್ದು ನಾಲ್ಕು ಇಂಟ್‌ಗಳ ಅರೇಗೆ ಪಾಯಿಂಟರ್. ಉತ್ತರ ಅಲ್ಲೇ ಇತ್ತು, ಓದುವ ತಾಳ್ಮೆ ಇರಲಿಲ್ಲ.

ಕುಸಿಯುವ ಪ್ರೋಗ್ರಾಂ ಆದರೂ ವಾಸಿ, ತಪ್ಪಿದೆ ಎಂದು ಗೊತ್ತಾಗುತ್ತದೆ. ಇದನ್ನು ಹುಡುಕುವಾಗ ಅದೇ ಕಡತದಲ್ಲಿ ಕಣ್ಣಿಗೆ ಬಿದ್ದದ್ದು ಇದಕ್ಕಿಂತ ಕೆಟ್ಟದ್ದು. ಸರಾಸರಿ ತೆಗೆಯುವ ಹಳೆಯ ಫಂಕ್ಷನ್ ‘ಇಂಟ್ ಅ[12]’ ಎಂದು ಅರೇ ತೆಗೆದುಕೊಂಡು, ಅಂಕಿಗಳೆಷ್ಟು ಎಂಬುದನ್ನು ತನ್ನೊಳಗೇ ಸೈಜ್‌ಆಫ್‌ನಿಂದ (ಎಷ್ಟು ಬೈಟ್ ಎಂದು ಹೇಳುವುದು) ಲೆಕ್ಕ ಹಾಕುತ್ತಿತ್ತು. ಪ್ಯಾರಾಮೀಟರ್‌ನಲ್ಲಿ ಬರೆದ ಆ 12ಕ್ಕೆ ಸಿ ಭಾಷೆ ಬೆಲೆ ಕೊಡುವುದಿಲ್ಲ. ಫಂಕ್ಷನ್‌ಗೆ ತಲುಪುವುದು ಬರಿಯ ಪಾಯಿಂಟರ್. ಪಾಯಿಂಟರ್ ಎಂಟು ಬೈಟ್, ಇಂಟ್ ನಾಲ್ಕು ಬೈಟ್, ಭಾಗಿಸಿದರೆ ಎರಡು. ಹನ್ನೆರಡು ಅಂಕಿ ಕೊಟ್ಟರೂ ಸರಾಸರಿ ಬರುತ್ತಿದ್ದದ್ದು ಮೊದಲ ಎರಡರದ್ದು ಮಾತ್ರ!

ಇದಕ್ಕೆ ಜಿಸಿಸಿ ಕೇಳದೆಯೇ ಎಚ್ಚರಿಕೆ ಕೊಡುತ್ತದೆ. ಆದರೆ ಬಿಲ್ಡ್ ಕಡತದಲ್ಲಿ ಎಲ್ಲ ಎಚ್ಚರಿಕೆಗಳನ್ನೂ ಅಡಗಿಸುವ ಸಣ್ಣಕ್ಷರದ ‘ಡಬ್ಲ್ಯು’ ಆಯ್ಕೆ ಹಾಕಿಟ್ಟಿದ್ದರು. ಪರೀಕ್ಷೆಯ ಅರೇಯಲ್ಲಿ ಎಲ್ಲವೂ ಒಂದೇ ಅಂಕಿ, ಹಾಗಾಗಿ ಎರಡರ ಸರಾಸರಿಯೂ ಹನ್ನೆರಡರ ಸರಾಸರಿಯೂ ಒಂದೇ ಬಂದು ಪರೀಕ್ಷೆ ಪ್ರತಿ ಸಲವೂ ಪಾಸಾಗುತ್ತಿತ್ತು. ಆ ಅಂಕಿಗಳನ್ನು ನಂಬಿದವರ ವಿಷಯ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ನಿಮ್ಮ ಬಿಲ್ಡ್ ಕಡತದಲ್ಲಿ ಎಚ್ಚರಿಕೆ ಅಡಗಿಸುವ ಆ ಆಯ್ಕೆ ಇದ್ದರೆ ಇಂದೇ ತೆಗೆಯಿರಿ, ಹೆಚ್ಚು ಎಚ್ಚರಿಕೆ ಕೊಡಿಸುವ ‘ಡಬ್ಲ್ಯು ಆಲ್’ ಮತ್ತು ‘ಡಬ್ಲ್ಯು ಎಕ್ಸ್‌ಟ್ರಾ’ ಸೇರಿಸಿ. ಅರೇಯ ಜೊತೆಗೆ ಅದರ ಉದ್ದವನ್ನೂ ಪ್ರತ್ಯೇಕವಾಗಿ ಕಳುಹಿಸಿ. ಎರಡು ಆಯಾಮದ್ದಾದರೆ ಪ್ಯಾರಾಮೀಟರ್ ಅನ್ನು ‘ಇಂಟ್ ಅ[][4]’ ಎಂದೇ ಬರೆಯಿರಿ. ಎರಡನೆಯ ಆಯಾಮ ತಿಳಿಯದೆ ಮುಂದಿನ ಸಾಲು ಎಲ್ಲಿ ಶುರುವಾಗುತ್ತದೆ ಎಂಬುದು ಕಂಪೈಲರ್‌ಗೆ ಗೊತ್ತಾಗುವುದಿಲ್ಲ. ದೋಷಗಳು ಪುಟಗಟ್ಟಲೆ ಸುರಿದರೆ ಮೊದಲನೆಯದನ್ನಷ್ಟೇ ಸರಿಪಡಿಸಿ ಮತ್ತೆ ಕಂಪೈಲ್ ಮಾಡಿ. ಉಳಿದವು ಬಹುಪಾಲು ಅದರ ಬಾಲ.

ಸಿ ಪ್ಲಸ್ ಪ್ಲಸ್‌ನವರಿಗೆ ದಾರಿ ಸುಲಭ. 2017ರ ಮಾನಕದ ‘ಸ್ಟಡ್ ಸೈಜ್’ (ಅಂಕಿಗಳೆಷ್ಟು ಎಂದು ಹೇಳುವ ಫಂಕ್ಷನ್) ಅರೇಯ ಬದಲು ಪಾಯಿಂಟರ್ ಕೊಟ್ಟರೆ ಕಂಪೈಲ್ ಆಗಲು ಬಿಡುವುದೇ ಇಲ್ಲ, 2020ರ ‘ಸ್ಪ್ಯಾನ್’ ಉದ್ದವನ್ನು ಜೊತೆಗೇ ಹೊತ್ತು ಸಾಗುತ್ತದೆ. ಆದರೆ ಪ್ರತಿ ಅಂಕಿಯನ್ನೂ ಮಾರ್ಪಡಿಸಿ ಬರೆಯುವ ‘ಟ್ರಾನ್ಸ್‌ಫಾರ್ಮ್’ ಬಳಸಿ ಫಲಿತಾಂಶವನ್ನು ಖಾಲಿ ವೆಕ್ಟರ್‌ನ (ಬೆಳೆಯಬಲ್ಲ ಅರೇ) ಆರಂಭದ ಜಾಗವಾದ ‘ಬಿಗಿನ್’ಗೆ ಬರೆಸಿದರೆ ಕಂಪೈಲರ್ ತುಟಿ ಬಿಚ್ಚುವುದಿಲ್ಲ, ಬರಹ ಮಾತ್ರ ನಿಮ್ಮದಲ್ಲದ ಜಾಗಕ್ಕೆ ಬೀಳುತ್ತದೆ. ಅಲ್ಲಿ ವೆಕ್ಟರ್‌ನ ಕೊನೆಗೆ ಒಂದೊಂದಾಗಿ ಸೇರಿಸುವ ‘ಬ್ಯಾಕ್ ಇನ್ಸರ್ಟರ್’ ಬೇಕು.

ಪರೀಕ್ಷೆಯ ಅರೇಯಲ್ಲಿ ಪ್ರತಿ ಮನೆಗೂ ಬೇರೆ ಬೇರೆ ಅಂಕಿ ಹಾಕಿ. ಕೊನೆಯ ಮನೆಯದ್ದು ಉಳಿದೆಲ್ಲಕ್ಕಿಂತ ಬಹಳ ದೊಡ್ಡದಿರಲಿ. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಉತ್ತರ ನೋಡಿದ ತಕ್ಷಣ ಸಿಕ್ಕಿಬೀಳುತ್ತದೆ.