ವಿಯೆನ್ನಾದಲ್ಲಿ ‘ದಿ ಥರ್ಡ್ ಮ್ಯಾನ್’ ಜಾಡು: ಹೋಗುವುದಾದರೆ ಶನಿವಾರ ಹೋಗಿ

ಕ್ಯಾರಲ್ ರೀಡ್ ನಿರ್ದೇಶನದ 1949ರ ‘ದಿ ಥರ್ಡ್ ಮ್ಯಾನ್’ ನೋಡಿದವರಿಗೆ ವಿಯೆನ್ನಾದಲ್ಲಿ ಹುಡುಕಾಡುವ ಕಷ್ಟವಿಲ್ಲ, ಮುಖ್ಯ ಜಾಗಗಳೆಲ್ಲ ಇನ್ನೂ ಇವೆ. ಆದರೆ ದಿನದ ಆಯ್ಕೆ ತಪ್ಪಬಾರದು. ಪ್ರೆಸ್‌ಗಾಸೆಯಲ್ಲಿರುವ ಥರ್ಡ್ ಮ್ಯಾನ್ ಮ್ಯೂಸಿಯಂ ಬಾಗಿಲು ತೆರೆಯುವುದು ಶನಿವಾರ ಮಧ್ಯಾಹ್ನ 2ರಿಂದ 6ರವರೆಗೆ ಮಾತ್ರ. ಚಿತ್ರಕ್ಕೆ ಸಂಗೀತ ಕೊಟ್ಟ ಆಂಟನ್ ಕರಾಸ್ ಅವರ ಝಿತರ್ ಎಂಬ ತಂತಿವಾದ್ಯ ನೋಡಲಿಕ್ಕಾದರೂ ಹೋಗಲೇಬೇಕು.

ಇಡೀ ಜಾಡಿನ ಜೀವಾಳ ಒಳಚರಂಡಿ ಪ್ರವಾಸ. ಕಾರ್ಲ್ಸ್‌ಪ್ಲಾಟ್ಸ್ ಪಕ್ಕದ ಜಿರಾರ್ಡಿಪಾರ್ಕ್‌ನಲ್ಲಿ ಇಳಿಯುತ್ತಾರೆ. ಚಳಿಗಾಲದಲ್ಲಿ ಇದು ಇರುವುದಿಲ್ಲ, 12 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ. ಮೆಟ್ಟಿಲು ಕಡಿದು, ಇಕ್ಕಟ್ಟು, ತೇವ. ಕಾಲು ಪೂರ್ತಿ ಮುಚ್ಚುವ, ಜಾರದ ಶೂ ಹಾಕಿಕೊಳ್ಳಿ. ಮನೆಗಳ ಕೊಳೆನೀರೂ ಮಳೆನೀರೂ ಒಂದೇ ಕಾಲುವೆಯಲ್ಲಿ ಹರಿಯುವುದರಿಂದ ಜೋರು ಮಳೆಗೆ ಮಟ್ಟ ದಿಢೀರನೆ ಏರುತ್ತದೆ. ಅಂಥ ದಿನ ಪ್ರವಾಸ ರದ್ದು. ಚಿತ್ರದಲ್ಲಿ ಒಳಚರಂಡಿಯೊಳಗೆ ಬೆನ್ನಟ್ಟುವ ದೃಶ್ಯದ ಒಂದಷ್ಟು ಭಾಗ ಇಂಗ್ಲೆಂಡಿನ ಸೆಟ್‌ನಲ್ಲಿ ತೆಗೆದದ್ದು ನಿಜ. ಆದರೂ ಆ ಇಟ್ಟಿಗೆಯ ಕಮಾನು, ಆ ನೀರಿನ ಮೊರೆತ ಇಲ್ಲಲ್ಲದೆ ಇನ್ನೆಲ್ಲೂ ಸಿಗದು.

ಮಳೆ ಬಂದರೂ ದಿನ ಹಾಳಾಗುವುದಿಲ್ಲ. ಚಿತ್ರದ ಖಳನಾಯಕ ಹ್ಯಾರಿ ಲೈಮ್ ಮೊದಲು ಕಾಣಿಸಿಕೊಳ್ಳುವ ಬಾಗಿಲು ಶ್ರೈಫೋಗೆಲ್‌ಗಾಸೆ 8ರಲ್ಲಿದೆ, ಶೊಟ್ಟೆನ್‌ಟೋರ್ ಮೆಟ್ರೊದಿಂದ ಕೆಲವೇ ನಿಮಿಷದ ನಡಿಗೆ. ಹಗಲಲ್ಲಿ ಅದು ಬರೀ ಒಂದು ಬಾಗಿಲು. ಹೊಳಪು ಬರಲೆಂದು ಚಿತ್ರತಂಡ ರಸ್ತೆಗಳಿಗೆ ನೀರು ಹಾಯಿಸಿತ್ತು. ಹಾಗಾಗಿ ಮಳೆ ನಿಂತ ರಾತ್ರಿಯಲ್ಲಿ ಎದುರುಬದಿಯಿಂದ ನೋಡುವುದೇ ಸರಿ. ಅವನು ಮಾಯವಾಗುವ ಆಮ್ ಹೋಫ್ ಚೌಕದ ಜಾಹೀರಾತು ಕಂಬವನ್ನು ಮಾತ್ರ ಹುಡುಕಬೇಡಿ, ಅದನ್ನು ಚಿತ್ರಕ್ಕೆಂದೇ ನಿಲ್ಲಿಸಿದ್ದರು. ಲೈಮ್ ಮನೆಯ ಬಾಗಿಲು ಯೋಸೆಫ್ಸ್‌ಪ್ಲಾಟ್ಸ್‌ನ ಪಲ್ಲವಿಚಿನಿ ಅರಮನೆಯದು. ಇಕ್ಕೆಲದ ಶಿಲಾ ಸ್ತ್ರೀಮೂರ್ತಿಗಳಿಂದ ತಕ್ಷಣ ಗುರುತು ಸಿಗುತ್ತದೆ.

ಪ್ರಾಟರ್ ಉದ್ಯಾನದಲ್ಲಿ ಜನರನ್ನು ಕೂರಿಸಿ ಸುತ್ತುವ ದೈತ್ಯ ಚಕ್ರ 1897ರದು, ಎತ್ತರ ಸುಮಾರು 65 ಮೀಟರ್. ಯುದ್ಧದಲ್ಲಿ ಸುಟ್ಟ ಮೇಲೆ 30ರ ಬದಲು 15 ಡಬ್ಬಿಗಳೊಂದಿಗೆ ಮತ್ತೆ ಕಟ್ಟಿದರು. ತುಂಬ ನಿಧಾನ ಸುತ್ತುತ್ತದೆ. ಚಿತ್ರದಲ್ಲಿ ಲೈಮ್ ಹೇಳುವಂತೆ ಕೆಳಗಿನ ಜನ ಚುಕ್ಕೆಗಳಾಗುವುದನ್ನು ಕಾಣಲು ಹತ್ತಲೇಬೇಕು.

ಕೊನೆಯ ದೃಶ್ಯದ ಸಾಲುಮರದ ದಾರಿ ಇರುವುದು ತ್ಸೆಂಟ್ರಾಲ್‌ಫ್ರೀಡ್‌ಹೋಫ್ ಸ್ಮಶಾನದಲ್ಲಿ. 71ನೇ ಟ್ರಾಮ್ ಹತ್ತಿ. ಅವಸರದಲ್ಲಿ 1ನೇ ಗೇಟಿನಲ್ಲಿ ಇಳಿದುಬಿಡಬೇಡಿ. ಮುಖ್ಯದ್ವಾರ 2ನೇ ಗೇಟು. ಒಳಗೆ ಸುಮಾರು 2.5 ಚದರ ಕಿಲೋಮೀಟರ್ ಇದೆ, ಆದ್ದರಿಂದ ಇದನ್ನು ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನಕ್ಕೆ ಮ್ಯೂಸಿಯಂ ಸೇರಿಕೊಳ್ಳಿ.