ದುಡ್ಡು ಕೊಟ್ಟು ರೆಸ್ಯೂಮ್ ಬರೆಸ್ಕೊಂಡೆ: 5ಕ್ಕೆ 2 ಸ್ಟಾರ್, ಆ ಎರಡೂ ಅವರ ಪ್ರಶ್ನೆಗಳಿಗೆ

ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. ಎಪ್ಪತ್ತಕ್ಕಿಂತ ಜಾಸ್ತಿ ಕಡೆ ಅಪ್ಲೈ ಮಾಡಿದ್ದೆ, ಬಂದಿದ್ದು ಮೂರೇ ಮೂರು ಕಾಲ್, ಅದ್ರಲ್ಲೂ ಒಂದು ಇನ್ಶೂರೆನ್ಸ್ ಮಾರೋರದ್ದು. ಅಂಥ ಹೊತ್ತಲ್ಲಿ ಮನುಷ್ಯ ಯಾರು ಏನು ಹೇಳಿದ್ರೂ ನಂಬ್ತಾನೆ. 'ಸಾವಿರ ರೆಸ್ಯೂಮ್ ಮಧ್ಯೆ ನಿಮ್ಮದು ಎದ್ದು ಕಾಣೋ ಹಾಗೆ ಮಾಡ್ಕೊಡ್ತೀವಿ' ಅಂತ ಒಂದು ಆನ್‌ಲೈನ್ ಸರ್ವೀಸ್ ಕಣ್ಣಿಗೆ ಬಿತ್ತು, ಹಿಂದೆಮುಂದೆ ನೋಡದೆ ಕಟ್ಟಿಬಿಟ್ಟೆ. ಹೆಸರು ಬೇಡ ಬಿಡಿ.

ಮೊದಲು ಫ್ರೀ ಸ್ಕ್ಯಾನ್ ಅಂತ ಮಾಡ್ತಾರೆ. ನನ್ನ ಹಳೇ ರೆಸ್ಯೂಮ್‌ಗೆ ಎಟಿಎಸ್ ಸ್ಕೋರ್ 100ಕ್ಕೆ 38 ಅಂತ ಕೆಂಪಕ್ಷರದಲ್ಲಿ ತೋರಿಸಿ ಎದೆ ಧಸಕ್ ಅನ್ನಿಸಿದ್ರು. ಎಟಿಎಸ್ ಅಂದ್ರೆ ಕಂಪನಿಯೋರು ಬಂದಿರೋ ಅರ್ಜಿಗಳನ್ನೆಲ್ಲ ಇಟ್ಕೊಳೋ, ಹುಡುಕೋ ಸಾಫ್ಟ್‌ವೇರ್. ಆಮೇಲೆ ತಿಳ್ಕೊಂಡಿದ್ದೇನು ಅಂದ್ರೆ ಇದು ಒಂದಲ್ಲ, ಹತ್ತಾರು ಥರದ್ದಿವೆ, ಎಲ್ಲಕ್ಕೂ ಒಪ್ಪೋ ಒಂದು ಸ್ಕೋರ್ ಅನ್ನೋದೇ ಇಲ್ಲ. ಯಂತ್ರ ತಾನಾಗೇ ಹೆಚ್ಚಾಗಿ ತೆಗೆದುಹಾಕೋದು ಫಾರ್ಮಲ್ಲಿ ಕೇಳೋ 'ಎಷ್ಟು ವರ್ಷ ಅನುಭವ', 'ಲೈಸೆನ್ಸ್ ಇದ್ಯಾ' ಥರದ ಪ್ರಶ್ನೆಗೆ ನಾವು ಕೊಡೋ ಉತ್ತರ ನೋಡಿ. ಇವರು ಕೊಟ್ಟ ಹೊಸ ರೆಸ್ಯೂಮನ್ನ ಬೇರೆ ಎರಡು ಸೈಟಲ್ಲಿ ಹಾಕಿದ್ರೆ ಒಂದು 91 ಅಂತು, ಇನ್ನೊಂದು 54 ಅಂತು. ಎರಡೂ ಕಡೆ ಕೊನೆಗೆ 'ಸರಿಮಾಡಿಸಿಕೊಳ್ಳಲು ಇಲ್ಲಿ ಪಾವತಿಸಿ' ಅನ್ನೋ ಬಟನ್ ಮಾತ್ರ ಒಂದೇ ಥರ ಇತ್ತು!

ಐದನೇ ದಿನಕ್ಕೆ ಬಂತು. ನೋಡೋಕೆ ಏನು ಚಂದ ಅಂತೀರಾ, ಎಡಗಡೆ ನೀಲಿ ಪಟ್ಟಿ, ದುಂಡಗೆ ಫೋಟೋ, ಎರಡು ಕಾಲಮ್ಮು, ಎಕ್ಸೆಲ್ ಪಕ್ಕದಲ್ಲಿ ಮುಕ್ಕಾಲು ತುಂಬಿರೋ ಒಂದು ಗೆರೆ. ಎಕ್ಸೆಲ್ಲು ನನಗೆ ಮುಕ್ಕಾಲು ಬರುತ್ತೆ ಅಂದ್ರೆ ಏನರ್ಥ, ಉಳಿದ ಕಾಲು ಭಾಗ ಯಾವುದು, ನಂಗೇ ಗೊತ್ತಿಲ್ಲ. ಮೇಲೆ ಥಳಕು ಒಳಗೆ ಹುಳುಕು ಅನ್ನೋದು ಗೊತ್ತಾಗಿದ್ದು ಒಂದು ಕಂಪನಿ ಪೋರ್ಟಲ್‌ಗೆ ಅಪ್ಲೋಡ್ ಮಾಡಿದಾಗ. ಅದು ರೆಸ್ಯೂಮ್ ಓದಿ ತಾನೇ ಫಾರ್ಮ್ ತುಂಬುತ್ತಲ್ಲ, ಹಿಂದಿನ ಕಂಪನಿ ಹೆಸರು ಇರ್ಬೇಕಾದ ಜಾಗದಲ್ಲಿ 'ಟೀಮ್‌ವರ್ಕ್' ಅಂತ ಬಂದು ಕೂತಿತ್ತು, ಫೋನ್ ನಂಬರ್ ಪತ್ತೇನೇ ಇಲ್ಲ. ಕಾರಣ ಇಷ್ಟೇ, ನಂಬರನ್ನ ವರ್ಡ್ ಫೈಲಿನ ಹೆಡರ್, ಅಂದ್ರೆ ಪುಟದ ಮೇಲಂಚಿನ ಭಾಗದ ಒಳಗೆ ಹಾಕಿದ್ರು, ಕೆಲವು ಸಾಫ್ಟ್‌ವೇರ್ ಹೆಡರ್ ಭಾಗ ಓದೋದೇ ಇಲ್ಲ, ಎರಡು ಕಾಲಮ್ ಇದ್ರೆ ಅಡ್ಡಡ್ಡ ಓದಿ ಆ ಸಾಲು ಈ ಸಾಲು ಎಲ್ಲ ಕಲಸಿಬಿಡುತ್ತೆ. ನೀವೂ ಒಂದ್ಸಲ ನೋಡ್ಕೊಳಿ, ರೆಸ್ಯೂಮ್ ಪೂರ್ತಿ ಸೆಲೆಕ್ಟ್ ಮಾಡಿ ನೋಟ್‌ಪ್ಯಾಡಲ್ಲಿ ಪೇಸ್ಟ್ ಮಾಡಿ, ಅಲ್ಲಿ ಕಲಸುಮೇಲೋಗರ ಆದ್ರೆ ಆ ಕಡೆಯೂ ಹಾಗೇ ಆಗೋ ಚಾನ್ಸ್ ಜಾಸ್ತಿ. ನಾನು ಪೇಸ್ಟ್ ಮಾಡಿದಾಗ ಇನ್ನೊಂದು ಮಜಾ ಸಿಕ್ತು, ಕೊನೇಲಿ ಮೂವತ್ತು ನಲವತ್ತು ಕೀವರ್ಡ್, ಅಂದ್ರೆ ಸಾಫ್ಟ್‌ವೇರಲ್ಲಿ ಹುಡುಕಿದಾಗ ಸಿಗಲಿ ಅಂತ ತುರುಕೋ ಪದಗಳು, ಬಿಳಿ ಹಾಳೆ ಮೇಲೆ ಬಿಳಿ ಅಕ್ಷರದಲ್ಲಿ ಬಚ್ಚಿಟ್ಟಿದ್ರು ಪುಣ್ಯಾತ್ಮರು. ನನ್ನನ್ನ ಕೇಳದೇನೇ! ಅದು ಎಚ್‌ಆರ್ ಕಣ್ಣಿಗೆ ಬಿದ್ದಿದ್ರೆ ಕಳ್ಳ ಅನ್ನಿಸ್ಕೊಳೋನು ನಾನು, ಅವರಲ್ಲ.

ಬರವಣಿಗೆ ಬಗ್ಗೆ ಹೇಳೋದೇ ಬೇಡ. 'ಫಲಿತಾಂಶವೇ ಗುರಿಯಾದ ಕ್ರಿಯಾಶೀಲ ವೃತ್ತಿಪರ' ಅಂತ ಶುರು. ನಾನು ಆರು ವರ್ಷ ಗೋಡೌನಲ್ಲಿ ಸ್ಟಾಕ್ ನೋಡ್ಕೊಂಡಿದ್ದೋನು, ಆ ಮೂರು ಸಾಲು ದಂತವೈದ್ಯರಿಗೂ ಹೊಂದುತ್ತೆ, ಪೈಲಟ್‌ಗೂ ಹೊಂದುತ್ತೆ. ದಿ ಲ್ಯಾಡರ್ಸ್ ಅನ್ನೋ ಉದ್ಯೋಗ ಸೈಟಿನವರು 2018ರಲ್ಲಿ ನೇಮಕಾತಿಯವರ ಕಣ್ಣು ಎಲ್ಲೆಲ್ಲಿ ಓಡುತ್ತೆ ಅಂತ ಅಳೆದು ನೋಡಿದಾಗ ಒಂದು ರೆಸ್ಯೂಮ್ ಮೇಲೆ ಮೊದಲ ಸಲ ಕಣ್ಣಾಡಿಸೋಕೆ ತಗೊಂಡಿದ್ದು ಸರಾಸರಿ 7.4 ಸೆಕೆಂಡು. ಅದ್ರಲ್ಲೂ ಚೆನ್ನಾಗಿ ಓದಿಸ್ಕೊಂಡಿದ್ದು ಸ್ಪಷ್ಟ ಹೆಡಿಂಗ್ ಇರೋ ಸರಳವಾದವೇ. ಆ ಏಳು ಸೆಕೆಂಡನ್ನ ನನ್ನ ಕ್ರಿಯಾಶೀಲತೆ ಓದೋಕೆ ಖರ್ಚು ಮಾಡಿಸಿದ್ರಲ್ಲ ಇವರು.

ಹಾಗಾದ್ರೆ ಎರಡು ಸ್ಟಾರ್ ಯಾಕೆ ಕೊಟ್ಟೆ? ದುಡ್ಡು ಕಟ್ಟಿದ ತಕ್ಷಣ ಒಂದು ಪ್ರಶ್ನೆಪಟ್ಟಿ ಕಳಿಸಿದ್ರು, 24 ಪ್ರಶ್ನೆ. ಅದನ್ನ ಯಾರು ಮಾಡಿದ್ರೋ ಅವರಿಗೆ ಕೈ ಮುಗೀಬೇಕು. 'ಆ ಜಾಗದಲ್ಲಿ ನೀವು ಇಲ್ಲದೇ ಹೋಗಿದ್ರೆ ಏನು ಕೆಡ್ತಿತ್ತು?' 'ನೀವು ಸೇರೋಕೆ ಮುಂಚೆ ಎಷ್ಟಿತ್ತು, ಬಿಡೋವಾಗ ಎಷ್ಟಾಗಿತ್ತು?' 'ಯಾರು ನಿಮ್ಮ ಹತ್ರಾನೇ ಕೇಳ್ಕೊಂಡು ಬರ್ತಿದ್ರು, ಯಾವುದಕ್ಕೆ?' ಎರಡು ಸಂಜೆ ಕೂತು ಬರೆದೆ. ಬರೀತಾ ಬರೀತಾ ನೆನಪಾಯ್ತು, ಮೊದಲು ನಮ್ಮಲ್ಲಿ ಸ್ಟಾಕ್ ಎಣಿಕೆಗೆ ಮೂರು ದಿನ ಗೋಡೌನ್ ಮುಚ್ತಿದ್ರು, ನಾನು ಕಪಾಟುಗಳಿಗೆ ನಂಬರ್ ಕೊಟ್ಟು ದಿನಾ ಸ್ವಲ್ಪ ಸ್ವಲ್ಪ ಎಣಿಸೋ ಪದ್ಧತಿ ತಂದ ಮೇಲೆ ಮುಚ್ಚೋದೇ ನಿಂತುಹೋಯ್ತು. ಇದನ್ನ ನಾನು ಹಳೇ ರೆಸ್ಯೂಮಲ್ಲಿ 'ಸ್ಟಾಕ್ ನಿರ್ವಹಣೆ ಜವಾಬ್ದಾರಿ' ಅಂತ ಮೂರೇ ಪದದಲ್ಲಿ ಮುಗಿಸಿದ್ದೆ ನೋಡಿ, ಎಂಥ ದಡ್ಡ. ಅದಕ್ಕಿಂತ ದಡ್ಡರು ಅಂದ್ರೆ ಇವರು, ಅಷ್ಟೆಲ್ಲ ಕೇಳಿ ಬರೆಸ್ಕೊಂಡು ಅದ್ರಲ್ಲಿ ಒಂದೇ ಒಂದು ಸಾಲೂ ಬಳಸಲಿಲ್ಲ!

ಎರಡು ಸಲ ತಿದ್ದಿಸ್ಕೊಳೋ ಅವಕಾಶ ಇತ್ತು, ಎರಡೂ ಸಲ ನೀಲಿ ಪಟ್ಟಿ ಹಸಿರಾಯ್ತು, ಬೂದು ಆಯ್ತು ಅಷ್ಟೆ. ಬೇಡ ಸಹವಾಸ ಅಂತ ನಾನೇ ಕೂತು ಒಂದೇ ಕಾಲಮ್ಮಲ್ಲಿ ಬರೆದೆ. ಗೂಗಲ್‌ನಲ್ಲಿ ಎಚ್‌ಆರ್ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ ಹೇಳೋ ಸೂತ್ರ ಒಂದಿದೆ, ಏನು ಸಾಧಿಸಿದೆ, ಎಷ್ಟು ಅಂತ ಅಳೆದದ್ದು, ಹೇಗೆ ಮಾಡಿದೆ, ಮೂರೂ ಒಂದೇ ಸಾಲಲ್ಲಿ ಬರ್ಬೇಕು. ನನ್ನ ಕಪಾಟಿನ ಕಥೆ ಅದಕ್ಕೆ ಸರಿಯಾಗಿ ಕೂತ್ಕೊಂತು. ಆಮೇಲೆ ಪ್ರತಿ ಅರ್ಜಿಗೂ ಅವರ ಜಾಹೀರಾತಲ್ಲಿ ಏನು ಕೇಳಿದಾರೋ ಅದನ್ನ ಮೇಲಕ್ಕೆ ತಂದೆ, ಅವರು 'ಇನ್ವೆಂಟರಿ' ಅಂದ್ರೆ ನಾನೂ ಸ್ಟಾಕ್ ಅನ್ನದೆ ಇನ್ವೆಂಟರಿ ಅಂದೆ. ಇದೇನು ಹೊಸ ವಿದ್ಯೆ ಅಲ್ಲ, 1482ರ ಸುಮಾರಿಗೆ ಲಿಯೊನಾರ್ಡೊ ಡಾ ವಿಂಚಿ ಮಿಲಾನಿನ ದೊರೆಗೆ ಕೆಲಸ ಕೇಳಿ ಒಂದು ಪತ್ರ ಸಿದ್ಧ ಮಾಡಿದ್ದ, ದೊರೆಗೆ ಬೇಕಿದ್ದದ್ದು ಯುದ್ಧದ ಸಾಮಾನು ಅಂತ ಗೊತ್ತಿದ್ರಿಂದ ಸೇತುವೆ, ಫಿರಂಗಿ ಎಲ್ಲ ಮೊದಲು ಬರೆದು, ಚಿತ್ರ ಬಿಡಿಸೋಕೂ ಬರುತ್ತೆ ಅನ್ನೋದನ್ನ ಹೆಚ್ಚುಕಮ್ಮಿ ಕೊನೆಗೆ ಸೇರಿಸಿದ್ದ. ಯಾರು, ಡಾ ವಿಂಚಿ! ನಾವು ನೋಡಿದ್ರೆ ಒಂದೇ ಪಿಡಿಎಫ್ ಎಪ್ಪತ್ತು ಕಡೆ ಎಸೀತೀವಿ.

ಹೊಸದಾಗಿ ಹಾಕಿದ್ದು ಹದಿನೈದೇ ಅರ್ಜಿ, ನಾಲ್ಕು ಕಾಲ್ ಬಂತು. ಪೂರ್ತಿ ರೆಸ್ಯೂಮಿಂದಾನೇ ಅನ್ನಲ್ಲ, ಒಂದಕ್ಕೆ ಹಳೇ ಸಹೋದ್ಯೋಗಿ ರೆಫರ್ ಮಾಡಿದ್ದ. ಆದ್ರೆ ನಾಲ್ಕರಲ್ಲಿ ಮೂರು ಕಡೆ ಕೇಳಿದ ಮೊದಲ ಪ್ರಶ್ನೆ 'ಆ ಗೋಡೌನ್ ಮುಚ್ಚದೇ ಹೇಗೆ ಎಣಿಸಿದ್ರಿ?' ಅಂತಾನೇ. ಕೆಲಸ ಇನ್ನೂ ಸಿಕ್ಕಿಲ್ಲ, ಒಂದು ಕಡೆ ಎರಡನೇ ರೌಂಡ್ ಮುಗಿಸಿ ಕಾಯ್ತಿದೀನಿ.

ಹಾಂ, ಪ್ಯಾಕೇಜಲ್ಲಿ ಒಂದು ಕವರ್ ಲೆಟರೂ ಇತ್ತು, ಹೇಳೋದೇ ಮರೆತೆ. ನನಗಾಗಿಯೇ ಬರೆದದ್ದಂತೆ. ಎರಡನೇ ಪ್ಯಾರಾದಲ್ಲಿ 'ನರ್ಸಿಂಗ್ ಕ್ಷೇತ್ರದಲ್ಲಿ ನನಗಿರುವ ಅಪಾರ ಆಸಕ್ತಿ' ಅಂತ ಇದೆ.